ನಾರುವ ತೋಫುವಿನ ವರ್ಷ

ಕಳೆದ ಶನಿವಾರ ಸ್ಯಾನ್ ಡಿಯೇಗೋದಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. ಬರುವಾಗ ಸಬ್ಬಕ್ಕಿ ಉಂಡೆ ಹಾಕಿದ ಬೋಬಾ ಟೀ ತನ್ನಿ ಎಂದು ಅವಳ ಮೆಸೇಜು ಬಂದಿತ್ತು. ಹಾಗಾಗಿ ನನ್ನ ಗಂಡ ಶ್ರೀಧರ್ ಕಾನ್ವಾಯ್ ಸ್ಟ್ರೀಟಿನ ಒಂದು ಪ್ಲಾಜಾದೊಳಗೆ ಕಾರು ತಿರುಗಿಸಿ ಪಾರ್ಕಿಂಗ್ ಹುಡುಕುತ್ತಿದ್ದರು. ಸಂಜೆ ಐದರ ಬಿಸಿಲು. ನಾನು ನನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿಕೊಂಡು ಕೂತಿದ್ದೆ. ಆಗ ಬಂತು ನೋಡಿ, ಆ ವಾಸನೆ. ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಯಾರೋ ಟೆಂಟು ಹಾಕಿ, ಬಾಣಲೆಯಿಟ್ಟು ತೋಫು ಕರಿಯುತ್ತಿದ್ದರು.

“ಥೂ, ಏನೇ ಇದು ನಾತ! ಗ್ಲಾಸ್ ಏರಿಸು, ಏರಿಸು,” ಎಂದು ಇವರು ತಮ್ಮ ಕಡೆಯ ಬಟನ್ನು ಒತ್ತಿ ನನ್ನ ಗಾಜನ್ನೂ ಏರಿಸಿಬಿಟ್ಟರು. ನಾನು ಕರ್ಚೀಫು ತೆಗೆದು ಕಣ್ಣೊತ್ತಿಕೊಂಡೆ.

ನಾತ ಮೂಸಿ ಕಣ್ಣೀರು ಹಾಕುವ ಹೆಂಗಸನ್ನು ನೀವು ಕಂಡಿರಲಾರಿರಿ. ನಾನಿದ್ದೇನೆ. ಆ ತೋಫು ಎಂದರೆ ತೈವಾನಿನವರು ಸಂಜೆ ಸಂತೆಗಳಲ್ಲಿ ಪ್ರಾಣ ಬಿಟ್ಟು ತಿನ್ನುವ ತಿಂಡಿ. ಸೋಯಾ ಹಾಲಿನ ಗಟ್ಟಿಯನ್ನು ಸೊಪ್ಪು ತರಕಾರಿ ಕೊಳೆಸಿದ ಉಪ್ಪುನೀರಿನಲ್ಲಿ ನೆನೆಹಾಕಿ, ಅದು ಚೆನ್ನಾಗಿ ನಾರತೊಡಗಿದ ಮೇಲೆ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಹುಳಿ ಬಂದ ಎಲೆಕೋಸಿನ ಜೊತೆ ಕೊಡುತ್ತಾರೆ. ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿಯನ್ನು ನಾನು ಹೆಚ್ಚುಕಡಿಮೆ ಈ ವಾಸನೆಯ ಹಿಂದೆಯೇ ಕಳೆದೆ. ಆ ಕೊರೋನಾ ವರ್ಷದ ಹೆಸರೆತ್ತಿದರೆ ಜನ ಮುಖ ಕಿವುಚುತ್ತಾರೆ, ಕಳೆದುಕೊಂಡವರನ್ನು ನೆನೆಯುತ್ತಾರೆ. ನನಗೆ ಆ ವರ್ಷ ಇನ್ನೊಮ್ಮೆ ಬೇಕು. ಇದನ್ನು ಇಷ್ಟು ದಿನ ಯಾರ ಹತ್ತಿರವೂ ಆಡಿರಲಿಲ್ಲ.

ಟೊರೆನ್ಸಿನ ನಮ್ಮ ಬೀದಿ ಮೊದಲೇ ಸದ್ದಿಲ್ಲದ್ದು. ಆ ಜನವರಿಯಲ್ಲಿ ಆಂಬುಲೆನ್ಸಿನ ಕೂಗು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಲೈಬ್ರರಿ ಮುಚ್ಚಿ ಹತ್ತು ತಿಂಗಳಾಗಿತ್ತು. ಇವರು ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರು, ಮನೆಯ ಮೇಲಿನ ಕೋಣೆಯಲ್ಲೇ ಆಫೀಸು. ಮೊದಲು ನನಗೆ ಜ್ವರ ಬಂತು, ಮೂರು ದಿನಕ್ಕೆ ಬಿಟ್ಟಿತು. ಇವರಿಗೆ ಬಂದದ್ದು ಹತ್ತು ದಿನ ಬಿಡಲಿಲ್ಲ. ಹನ್ನೊಂದನೆಯ ದಿನ ಎದ್ದು ಕೂತು ಕಾಫಿ ಕೇಳಿದರು. ಕೊಟ್ಟೆ. ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದರು.

“ಡಿಕಾಕ್ಷನ್ ಹಾಕೋದು ಮರ್ತ್ಯಾ?”

“ಮರೆಯೋದೇನು, ಸ್ಟ್ರಾಂಗಾಗೇ ಹಾಕಿದೀನಿ.”

ಇವರು ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಕಾಫಿಪುಡಿಯ ಡಬ್ಬದೊಳಗೆ ಮೂಗು ಹಾಕಿದರು. ಮತ್ತೆ ಹಾಕಿದರು. ಮೂಗಿನ ತುದಿಗೆ ಪುಡಿ ಮೆತ್ತಿಕೊಂಡು ನನ್ನ ಕಡೆ ತಿರುಗಿ, “ಏನೂ ಇಲ್ಲ ಕಣೇ,” ಎಂದರು.

ಇದು ಎಂಥ ನಷ್ಟ ಎಂದು ತಿಳಿಯಬೇಕಾದರೆ ನಮ್ಮ ಸಂಸಾರದ ರೀತಿ ಹೇಳಬೇಕು. ಮೈಸೂರಿನ ಮನುಷ್ಯ, ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ಅದನ್ನು ನಾನು ಗಾಂಭೀರ್ಯ ಎಂದುಕೊಂಡಿದ್ದೆ. ಹತ್ತು ವರ್ಷದ ಮೇಲೆ ಸ್ವಭಾವ ಎಂದುಕೊಂಡೆ. ಇಪ್ಪತ್ತರ ಮೇಲೆ ಏನನ್ನೂ ಅಂದುಕೊಳ್ಳುವುದನ್ನು ಬಿಟ್ಟೆ. ಆದರೆ ಮೂಗು ಮಾತ್ರ ಬಲು ಚುರುಕು. ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು, “ಬದನೆಕಾಯಿ ಹುಳಿ,” ಎನ್ನುತ್ತಿದ್ದರು. “ಹೌದು,” ಎನ್ನುತ್ತಿದ್ದೆ. ಕೆಲವು ದಿನ ಬೆಳಗಿನಿಂದ ರಾತ್ರಿಯ ತನಕ ನಮ್ಮಿಬ್ಬರ ಮಾತುಕತೆ ಅಷ್ಟೇ. ಈಗ ಅದಕ್ಕೂ ಕಲ್ಲು ಬಿತ್ತು.

ಡಾಕ್ಟರು ವಿಡಿಯೋದಲ್ಲಿ ನೋಡಿ, ಕೆಲವರಿಗೆ ತಿಂಗಳಲ್ಲಿ ಬರುತ್ತದೆ, ಕೆಲವರಿಗೆ ವರ್ಷವಾಗಬಹುದು, ಬಾರದೆಯೂ ಇರಬಹುದು ಎಂದರು. ದಿನಾ ಎರಡು ಸಲ ನಾಲ್ಕು ಬಗೆಯ ವಾಸನೆ ಮೂಸಿ ಅಭ್ಯಾಸ ಮಾಡಿಸಿ, ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂದರು. ಇವರು ಎಂಜಿನಿಯರಲ್ಲವೇ, ಅದಕ್ಕೊಂದು ಸ್ಪ್ರೆಡ್‌ಶೀಟ್ ಮಾಡಿದರು. ಒಂದು ತಿಂಗಳು ಪ್ರತಿ ಖಾನೆಯಲ್ಲೂ ಸೊನ್ನೆ ತುಂಬಿ, ಆಮೇಲೆ ಆ ಫೈಲು ತೆರೆಯುವುದನ್ನೇ ಬಿಟ್ಟರು. ಊಟಕ್ಕೆ ಕರೆದರೆ ಬಂದು, ಔಷಧಿ ನುಂಗಿದ ಹಾಗೆ ನುಂಗಿ ಏಳುತ್ತಿದ್ದರು. ಹತ್ತು ಪೌಂಡು ಇಳಿದರು. ನಾನು ಹುಳಿಯನ್ನ ಮಾಡಿದರೂ ಒಂದೇ, ಗಂಜಿ ಕಾಯಿಸಿದರೂ ಒಂದೇ. ನನಗೆ ಅಡುಗೆಮನೆಗೆ ಹೋಗಲೇ ಬೇಸರವಾಗುತ್ತಿತ್ತು.

ಮಾರ್ಚಿನಲ್ಲಿ ಒಂದು ಭಾನುವಾರ ಹಲ್ಲುನೋವೆಂದು ನಾನು ಮಲಗಿದ್ದೆ. “ಸಾರಿಗೆ ಒಗ್ಗರಣೆ ನಾನೇ ಹಾಕ್ತೀನಿ,” ಎಂದು ಇವರು ಹೋದರು. ಇಂಗು ಹಾಕಿದರು. ವಾಸನೆ ಬರಲಿಲ್ಲ. ಇನ್ನಷ್ಟು ಹಾಕಿದರು. ಊರಿಂದ ತಂದಿದ್ದ ಗಟ್ಟಿ ಇಂಗು ಅದು, ಕಡಲೆಬೇಳೆಯಷ್ಟು ಸಾಕು. ಇವರು ಇಡೀ ಉಂಡೆಯನ್ನೇ ಕಾದ ಎಣ್ಣೆಗೆ ಬಿಟ್ಟು, ಬಂದೀತು ಬಂದೀತು ಎಂದು ಅದರ ಮೇಲೆ ಬಗ್ಗಿ ನಿಂತಿದ್ದಾರೆ. ಕಿಟಕಿಗಳೆಲ್ಲ ತೆರೆದಿದ್ದವು. ಐದೇ ನಿಮಿಷಕ್ಕೆ ಪಕ್ಕದ ಮನೆಯವರು ಗ್ಯಾಸ್ ಸೋರುತ್ತಿದೆ ಎಂದು ಫೋನ್ ಮಾಡಿ, ಗ್ಯಾಸಿನವರು ಮೀಟರು ಹಿಡಿದು ಬಂದು, ಬೀದಿಯವರನ್ನೆಲ್ಲ ಆಚೆ ನಿಲ್ಲಿಸಿದರು. ಇಂಗು ತಿಂದ ಮಂಗನ ಹಾಗೆ ಎಂದು ನಾವೆಲ್ಲ ಸಲೀಸಾಗಿ ಆಡಿಬಿಡುತ್ತೇವೆ. ಆ ದಿನ ನಾನು ಅದನ್ನು ಕಣ್ಣಾರೆ ಕಂಡೆ. ಕೈಯಲ್ಲಿ ಒಗ್ಗರಣೆ ಸೌಟು ಹಿಡಿದುಕೊಂಡೇ ಫುಟ್‌ಪಾತಿನಲ್ಲಿ ನಿಂತಿದ್ದರು.

ಎದುರುಮನೆಯ ಲಿ-ಹುವಾ ಅಲ್ಲಿ ನಿಂತಿದ್ದವರಲ್ಲಿ ಒಬ್ಬಳು. ತೈವಾನಿನ ಟೈನಾನ್ ಊರಿನವಳು, ರಿಟೈರಾದ ನರ್ಸು, ನನ್ನ ಓರಗೆಯವಳು. ಹದಿನೈದು ವರ್ಷದಿಂದ ಬೀದಿಯ ಆ ಕಡೆಯಿಂದ ಈ ಕಡೆಗೆ ಕೈಬೀಸುವಷ್ಟೇ ಸ್ನೇಹ. ಅವಳು ಮಾಸ್ಕಿನೊಳಗೆ ನಗುತ್ತಾ ಬಂದವಳು ಇವರ ಮುಖ ನೋಡಿ ನಗು ನಿಲ್ಲಿಸಿದಳು. ಇವರು ಅಳುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ನಾನು ಕಂಡ ಮೊದಲ ಅಳು ಅದು. “ಇಡೀ ರೋಡಿಗೇ ಬಂತು, ನನಗೆ ಬರ್ಲಿಲ್ಲ,” ಎಂದರು.

ನಾನು ಲಿ-ಹುವಾಗೆ ವಿಷಯ ಹೇಳಿದೆ. ಅವಳು, “ಗುಲಾಬಿ, ನಿಂಬೆ ಎಲ್ಲ ಮಕ್ಕಳಾಟ. ನಮ್ಮೂರಲ್ಲಿ ಒಂದು ತಿಂಡಿ ಇದೆ. ಸತ್ತ ಮೂಗನ್ನೂ ಎಬ್ಬಿಸುತ್ತೆ,” ಎಂದಳು. ನಾವು ಮಾಂಸ ಮೀನು ಮುಟ್ಟುವವರಲ್ಲ ಎಂದೆ. ಅವಳು ಕೈ ಆಡಿಸಿದಳು. “ನನ್ನಮ್ಮನೂ ತಿನ್ನಲ್ಲ. ಬೌದ್ಧರು. ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಅದಕ್ಕೆ ನಾವು ‘ಸು’ ಅಂತೀವಿ. ಅಂಗಡಿಯಲ್ಲಿ ಆ ಒಂದು ಮಾತು ಹೇಳಿದರೆ ಸಾಕು.” ತಾನು ಚಾಂದ್ರಮಾನದ ಒಂದನೆಯ ಮತ್ತು ಹದಿನೈದನೆಯ ದಿನ ಮಾತ್ರ ಸು, ಮಿಕ್ಕ ದಿನ ಸಿಕ್ಕಿದ್ದೆಲ್ಲ ತಿನ್ನುತ್ತೇನೆ ಎಂದೂ ಸೇರಿಸಿದಳು. ನಮ್ಮತ್ತೆಯ ಏಕಾದಶಿ ನೆನಪಾಗಿ ನನಗೆ ನಗು ಬಂತು.

ಹೀಗೆ ಶುರುವಾಯಿತು. ಮರು ಶನಿವಾರ ಅವಳ ಕಾರಿನ ಹಿಂದೆ ನಮ್ಮ ಕಾರು. ಖಾಲಿ ಫ್ರೀವೇಯಲ್ಲಿ ನಲವತ್ತೇ ನಿಮಿಷಕ್ಕೆ, ತೈವಾನಿನವರ ಅಂಗಡಿಗಳು ತುಂಬಿರುವ ಸ್ಯಾನ್ ಗೇಬ್ರಿಯಲ್ ತಲುಪಿದೆವು. ಹೋಟೆಲಿನೊಳಗೆ ಕೂರುವಂತಿರಲಿಲ್ಲ. ಕಿಟಕಿಯಲ್ಲಿ ಪೊಟ್ಟಣ ತೆಗೆದುಕೊಂಡು ಲಾಟಿನಲ್ಲಿ, ಕಾರಿನ ಡಿಕ್ಕಿ ಎತ್ತಿ ಅದರ ಅಂಚಿನಲ್ಲಿ ಕೂತು ತಿನ್ನುವುದು. ಲಿ-ಹುವಾ ಆರಡಿ ದೂರದಲ್ಲಿ ತನ್ನ ಡಿಕ್ಕಿಯಲ್ಲಿ ಕೂತಳು. ಪೊಟ್ಟಣ ಬಿಚ್ಚಿದ್ದೇ ತಡ, ನಾನು ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡೆ. ಇವರು ಒಂದು ತುಂಡು ಬಾಯಿಗಿಟ್ಟು ಅಗಿದರು.

“ಗರಿಗರಿ ಇದೆ. ಉಪ್ಪಿದೆ. ಅಷ್ಟೇ,” ಎಂದು ನನ್ನ ಕಡೆ ನೋಡಿದರು. “ಹೇಗಿದೆ ವಾಸನೆ?”

“ನಾತ.”

“ನಾತ ಅಂದ್ರೆ? ಯಾವ ನಾತ? ಸರಿಯಾಗ್ ಹೇಳೇ.”

ಎಲ್ಲಿಂದ ಹೇಳುವುದು? ನಾನು ಮಾಸ್ಕು ಕೆಳಗಿಳಿಸಿ, ಉಸಿರೆಳೆದುಕೊಂಡೆ. “ಮೊದಲು... ಮಳೆಗಾಲದಲ್ಲಿ ಮೂರು ದಿನ ಒಣಗದ ಟರ್ಕಿ ಟವೆಲ್ಲು.”

“ಆಮೇಲೆ?”

“ದೋಸೆಹಿಟ್ಟು. ಹುಳಿ ಬಂದು ಉಕ್ಕಿರತ್ತಲ್ಲ, ಮುಚ್ಚಳ ತೆಗೆದ ತಕ್ಷಣ.”

“ಆಮೇಲೆ?”

“ನಮ್ಮ ಚಾಟ್ಸ್‌ವರ್ತ್ ಮನೆ ಕಾರ್ಪೆಟ್ಟು. ವಾಷಿಂಗ್ ಮಷೀನು ಉಕ್ಕಿ ಹರಿದಿತ್ತಲ್ಲ, ಅದಾಗಿ ನಾಕು ದಿನಕ್ಕೆ.”

ಇವರು ನಕ್ಕುಬಿಟ್ಟರು. ಜನವರಿಯಿಂದೀಚೆಗೆ ಮೊದಲನೆಯ ನಗು. ಆ ಬಾಡಿಗೆ ಮನೆಯ ಓನರು, ಅವನ ಬೈಗುಳ, ನಾವಿಬ್ಬರೂ ಹೇರ್ ಡ್ರೈಯರು ಹಿಡಿದು ಕಾರ್ಪೆಟ್ಟು ಒಣಗಿಸಿದ್ದು, ಎಲ್ಲ ನೆನಪಾಗಿರಬೇಕು. “ಆಮೇಲೆ?” ಎಂದು ಮತ್ತೆ ಕೇಳಿದರು.

“ಎಲ್ಲದರ ಹಿಂದೆ ಒಂಚೂರು ಇಂಗು,” ಎಂದೆ. ಆ ಮಾತಿಗೆ ಪೊಟ್ಟಣ ಪೂರ್ತಿ ಖಾಲಿ ಮಾಡಿದರು.

ಆಮೇಲೆ ಪ್ರತಿ ಶನಿವಾರ ಇದೇ ಕೆಲಸವಾಯಿತು. ಮೂಗು ಬರಲಿ ಎಂದು ಹೊರಟದ್ದು ನಿಜ. ಆದರೆ ಹೇಳುವ ಕೇಳುವ ಚಟ ಇಬ್ಬರಿಗೂ ಹತ್ತಿತು. ರೋಲಂಡ್ ಹೈಟ್ಸಿನಲ್ಲಿ ಬೆಳಗಿನ ಸೋಯಾ ಹಾಲು, ಅದರಲ್ಲಿ ಅದ್ದಿ ತಿನ್ನುವ ಮೊಳದುದ್ದದ ಕರಿದ ಹಿಟ್ಟಿನ ಕೋಲು. “ಪೂರಿ ಅಂಗಡಿ, ಬೆಳಿಗ್ಗೆ ಏಳು ಗಂಟೆ, ಎಣ್ಣೆ ಇನ್ನೂ ಹೊಸದು,” ಎಂದೆ. ಬೇಸಿಗೆಗೆ ಆರ್ಕೇಡಿಯಾದ ಕುದುರೆ ರೇಸಿನ ಮೈದಾನದ ಪಕ್ಕ ಮತ್ತೆ ಸಂಜೆ ಸಂತೆ ತೆರೆಯಿತು. ಹೊತ್ತು ಮುಳುಗುವ ಮುಂಚೆಯೇ ಹೋಗಿ, ಜನರಿಂದ ದೂರ ನಿಂತು ತಿನ್ನುತ್ತಿದ್ದೆವು. ಸಿಹಿಗೆಣಸಿನ ಹಿಟ್ಟನ್ನು ಎಣ್ಣೆಯಲ್ಲಿ ಒತ್ತಿ ಒತ್ತಿ ಉಬ್ಬಿಸುವ ಟೊಳ್ಳು ಉಂಡೆ. ಕಡಲೆಕಾಯಿ ಮಿಠಾಯಿಯ ದೊಡ್ಡ ಅಚ್ಚನ್ನು ತುರಿದು, ತೆಳ್ಳನೆ ಹಾಳೆಯ ಮೇಲೆ ಹರಡಿ, ಐಸ್‌ಕ್ರೀಮಿಟ್ಟು, ಅದರ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ ಸುತ್ತಿ ಕೊಡುವ ಸುರುಳಿ. ಐಸ್‌ಕ್ರೀಮಿಗೆ ಕೊತ್ತಂಬರಿಯೇ ಎಂದು ನಾನು ಮೂಗು ಮುರಿದರೂ, ತಿಂದ ಮೇಲೆ ಇನ್ನೊಂದು ಬೇಕೆನಿಸಿತು.

“ಸಂಕ್ರಾಂತಿ ದಿನ ಎಳ್ಳು ಬೀರಿ ಬಂದ್ಮೇಲೆ, ಆ ಕೈಯಲ್ಲೇ ಕೊತ್ತಂಬರಿ ಬಿಡಿಸಿದ ಹಾಗೆ,” ಎಂದೆ.

“ನಿಮ್ಮನೇಲಿ ಯಾರು ಬಿಡಿಸ್ತಿದ್ರು?”

“ನಾನು, ನಮ್ಮಕ್ಕ. ಹಿತ್ತಲ ಮೆಟ್ಟಿಲ ಮೇಲೆ.”

“ನಂಗ್ ಗೊತ್ತೇ ಇರ್ಲಿಲ್ಲ ನಿಮ್ಮನೇಗೆ ಹಿತ್ತಲ ಮೆಟ್ಟಿಲು ಇತ್ತು ಅಂತ,” ಎಂದರು ಇವರು. ನಮ್ಮನೆಗೆ ಅಳಿಯನಾಗಿ ಎಷ್ಟು ಸಲ ಬಂದಿದ್ದಾರೋ ಲೆಕ್ಕವಿಲ್ಲ. ಹಿತ್ತಲಿಗೆ ಹೋಗಿರಲಿಲ್ಲವಂತೆ.

ವಾಸನೆ ಹೇಳುವುದೆಂದರೆ ಹೀಗೆಯೇ. ಇಂಥದ್ದರ ಹಾಗೆ ಎನ್ನಬೇಕು, ಆ ಇಂಥದ್ದು ಯಾವಾಗಲೂ ಎಲ್ಲೋ ಒಂದು ಊರಿನಲ್ಲಿ, ಒಂದು ಮನೆಯಲ್ಲಿ, ಒಂದು ದಿನದಲ್ಲಿ ಇರುತ್ತದೆ. ಹೇಳುತ್ತಾ ಹೋದರೆ ನನ್ನ ಬಾಲ್ಯವೆಲ್ಲ ತೈವಾನಿನ ತಿಂಡಿಗಳ ಜೊತೆ ಪಾರ್ಕಿಂಗ್ ಲಾಟುಗಳಲ್ಲಿ ಹೊರಗೆ ಬಂತು. ಇವರು ಕೇಳುತ್ತಿದ್ದರು. ಕಾರು ನಡೆಸುತ್ತಾ, ಎದುರಿನ ರಸ್ತೆ ನೋಡುತ್ತಾ, “ಆಮೇಲೆ?” ಎನ್ನುತ್ತಿದ್ದರು. ನನ್ನ ಮಾತನ್ನು ಹೀಗೆ ಕಾದು ಕೇಳಿದವರು ನನ್ನ ಆಯಸ್ಸಿನಲ್ಲಿ ಇನ್ನೊಬ್ಬರಿಲ್ಲ. ನಾನು ವಾರವಿಡೀ ಶನಿವಾರಕ್ಕೆ ಕಾಯುತ್ತಿದ್ದೆ. ಜೂನಿನ ಮೋಡ ಕವಿದ ಬೆಳಗುಗಳಲ್ಲಿ ಪಾತ್ರೆ ತೊಳೆಯುತ್ತಾ, ಈ ಸಲ ಯಾವುದಕ್ಕೆ ಏನು ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ.

ಮಗಳು ನಿಧಿಗೆ ಇದೆಲ್ಲ ತಮಾಷೆ. ಒಂದು ಸಲ ಸ್ಯಾನ್ ಡಿಯೇಗೋದಲ್ಲಿ ನಮ್ಮ ಜೊತೆ ಬಂದವಳು ಅರ್ಧ ಗಂಟೆ ನಮ್ಮ ಪ್ರಶ್ನೋತ್ತರ ಕೇಳಿ, “ಅಮ್ಮಾ, ಜಸ್ಟ್ ಲೆಟ್ ಹಿಮ್ ಈಟ್,” ಎಂದಳು.

“ನೀನ್ ಸುಮ್ನಿರು, ನಿಮ್ಮಮ್ಮ ಹೇಳ್ಲಿ,” ಎಂದರು ಇವರು. ಅವಳು ಒಮ್ಮೆ ನನ್ನ ಮುಖ, ಒಮ್ಮೆ ಅಪ್ಪನ ಮುಖ ನೋಡಿದಳು. ಈ ಮಾತು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ನವೆಂಬರಿನಲ್ಲಿ ಲಿ-ಹುವಾಳ ತಾಯಿಗೆ ತೊಂಬತ್ತು ತುಂಬಿತು. ಅಷ್ಟರಲ್ಲಿ ಎಲ್ಲರಿಗೂ ಲಸಿಕೆಯಾಗಿತ್ತು. ಸ್ಯಾನ್ ಗೇಬ್ರಿಯಲ್ಲಿನ ಒಂದು ದೊಡ್ಡ ಹಾಲಿನಲ್ಲಿ ಔತಣ, ಕೆಂಪು ಬಟ್ಟೆ ಹಾಸಿದ ದುಂಡು ಮೇಜುಗಳು, ಮೇಜಿನ ನಡುವೆ ತಿರುಗುವ ಗಾಜಿನ ತಟ್ಟೆ. ಅಜ್ಜಿ ಕೂತ ಮೇಜು ಸು ಮೇಜು. ನಮ್ಮನ್ನೂ ಅಲ್ಲೇ ಕೂರಿಸಿದರು. ಅಜ್ಜಿಗೆ ಇಂಗ್ಲಿಷ್ ಬಾರದು. ಇವರ ಮೂಗಿನ ಕತೆ ಮಗಳಿಂದ ಕೇಳಿದ್ದರಂತೆ. ತಾವು ತಿನ್ನುತ್ತಿದ್ದ ಕಡ್ಡಿಗಳಿಂದಲೇ ಒಂದು ಅಣಬೆ ಎತ್ತಿ ಇವರ ಬಟ್ಟಲಿಗೆ ಹಾಕಿದರು. ನಾನು ಇವರ ಮುಖ ನೋಡಿದೆ. ಇವರ ಮನೆಯಲ್ಲಿ ಎಂಜಲು ಎಂದರೆ ಸೌಟು ತಟ್ಟೆಗೆ ತಾಗಿದರೂ ಎದ್ದು ಕೈತೊಳೆಯುವ ಪೈಕಿ. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಇವರು ನನ್ನ ಲೋಟದಲ್ಲಿ ನೀರು ಕುಡಿದವರಲ್ಲ. ಅಜ್ಜಿ ಕಾಯುತ್ತಿದ್ದರು. ಹಿರಿಯರು ತಾವಾಗಿ ಎತ್ತಿ ಹಾಕುವುದು ಅವರಲ್ಲಿ ದೊಡ್ಡ ಪ್ರೀತಿ ಎಂದು ಲಿ-ಹುವಾ ಮೊದಲೇ ಹೇಳಿದ್ದಳು. ಇವರು ಅಣಬೆಯನ್ನು ಬಾಯಿಗಿಟ್ಟುಕೊಂಡು, ಎರಡೂ ಕೈ ಜೋಡಿಸಿದರು. ಅಜ್ಜಿ ಖುಷಿಯಿಂದ ಇನ್ನೊಂದು ಹಾಕಿದರು.

ಐದನೆಯದೋ ಆರನೆಯದೋ ಬಡಿಸುವಾಗ ಒಂದು ಕಪ್ಪನೆಯ ಸೂಪು ಬಂತು. ಬೇರು ನಾರು ಹಾಕಿ ಕಾಯಿಸಿದ್ದು, ಮೈಗೆ ಒಳ್ಳೆಯದು ಎಂದರು. ಮುಚ್ಚಳ ತೆಗೆದ ಕೂಡಲೇ ಹಬೆ ನನ್ನ ಮುಖಕ್ಕೆ ಬಡಿಯಿತು. ನಾನು ಚಮಚ ಕೆಳಗಿಟ್ಟೆ.

“ಇದು ಹೇಗಿದೆ?” ಎಂದು ಇವರು ರೂಢಿಯಂತೆ ಕೇಳಿದರು.

“ಬೇಡ ಬಿಡಿ.”

“ಹೇಳೇ.”

“ಬಾಣಂತಿ ಲೇಹ್ಯದ ಹಾಗಿದೆ,” ಎಂದೆ.

ನಮಗೆ ನಿಧಿಗಿಂತ ಮೊದಲು ಒಂದು ಮಗುವಾಗಿತ್ತು. ನಾನು ಹೆರಿಗೆಗೆ ಮೈಸೂರಿನ ತವರಿಗೆ ಹೋಗಿದ್ದೆ, ಇವರು ಇಲ್ಲಿ ಚಾಟ್ಸ್‌ವರ್ತಿನಲ್ಲಿದ್ದರು. ಮಗು ಉಳಿಯಲಿಲ್ಲ. ಅಮ್ಮ ಹೆರಿಗೆಗೆ ಒಂದು ವಾರ ಮೊದಲೇ ಒಣಶುಂಠಿ, ಹಿಪ್ಪಲಿ, ಬೆಲ್ಲ, ತುಪ್ಪ ಹಾಕಿ ಲೇಹ್ಯ ಕಾಯಿಸಿ ಜಾಡಿಯಲ್ಲಿ ತುಂಬಿಟ್ಟಿದ್ದಳು. ಮಗು ಇಲ್ಲದಿದ್ದರೂ ಮೈ ಬಾಣಂತಿಯದೇ ಅಲ್ಲವೇ, ದಿನಾ ಬೆಳಿಗ್ಗೆ ಉಂಡೆ ಮಾಡಿ ಬಾಯಿಗಿಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ತೊಟ್ಟಿಲು ಕಟ್ಟಲು ಹಾಕಿದ್ದ ಕೊಕ್ಕೆ ಖಾಲಿ ನೇತಾಡುತ್ತಿತ್ತು. ಮೂರು ತಿಂಗಳಾದ ಮೇಲೆ ನಾನು ವಿಮಾನ ಹತ್ತಿ ವಾಪಸು ಬಂದಾಗ ಇವರು ಏರ್‌ಪೋರ್ಟಿನಲ್ಲಿ, “ಫ್ಲೈಟ್ ಆರಾಮಾಗಿತ್ತಾ?” ಎಂದು ಕೇಳಿದರು. ಆರಾಮಾಗಿತ್ತು ಎಂದೆ. ಆ ಬಗ್ಗೆ ಅಷ್ಟೇ ನಮ್ಮ ಮಾತು. ಇವರಿಗೆ ಏನೂ ಅನಿಸಿಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಆ ಸಿಟ್ಟನ್ನು ಅಷ್ಟು ವರ್ಷ ಬೆಚ್ಚಗೆ ಇಟ್ಟುಕೊಂಡು ಸಂಸಾರ ಮಾಡಿದ್ದೆ.

ಈಗ ಆ ಹಾಲಿನ ಗದ್ದಲದಲ್ಲಿ, ಸುತ್ತಲೂ ಜನ ಎದ್ದು ನಿಂತು ಅಜ್ಜಿಗೆ ಲೋಟ ಎತ್ತಿ ಹಾರೈಸುತ್ತಿರುವಾಗ, ಇವರು ನನ್ನ ಕಡೆ ಬಾಗಿ ತುಂಬ ಮೆಲ್ಲಗೆ, “ಹೇಗಿತ್ತು ಅದರ ವಾಸನೆ? ಹೇಳು,” ಎಂದರು.

ನಾನು ಹೇಳಿದೆ. ಲೇಹ್ಯದ್ದನ್ನು ಹೇಳಿದೆ, ಕೋಣೆಯ ಸಾಂಬ್ರಾಣಿ ಹೊಗೆಯನ್ನು ಹೇಳಿದೆ, ಆಸ್ಪತ್ರೆಯ ಫಿನಾಯಿಲನ್ನು ಹೇಳಿದೆ. ಮಗುವನ್ನು ಒಂದೇ ಸಲ ಕೈಗೆ ಕೊಟ್ಟಿದ್ದರು, ಅದರ ತಲೆಯ ವಾಸನೆಯನ್ನು ಹೇಳಲು ಹೋದೆ, ಆಗಲಿಲ್ಲ. ಇವರು “ಆಮೇಲೆ” ಎನ್ನಲಿಲ್ಲ. ಕಾದರು. ಆಮೇಲೆ ತಾವೇ ಮಾತಾಡಿದರು.

“ಅವತ್ತು ಫೋನ್ ಬಂದಾಗ ಸ್ಟವ್ ಮೇಲೆ ಅನ್ನಕ್ಕಿಟ್ಟಿದ್ದೆ. ಫೋನ್ ಇಟ್ಮೇಲೆ ಅಲ್ಲೇ ನೆಲದ್ ಮೇಲೆ ಕೂತೆ. ಎಷ್ಟೊತ್ತು ಕೂತಿದ್ನೋ ಗೊತ್ತಿಲ್ಲ. ಅನ್ನ ಹತ್ತಿ ಸೀದು ಕರಿಯಾಗೋಗಿತ್ತು. ಮನೆ ತುಂಬ ಹೊಗೆ. ಈಗ ಮೂಗಲ್ಲಿ ಏನೂ ಇಲ್ಲ. ಆದ್ರೂ ಅದೊಂದು ಇದೆ ಕಣೇ. ಆ ಸೀದ ವಾಸನೆ.”

ಅಜ್ಜಿ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಏನು ಅರ್ಥವಾಯಿತೋ, ಗಾಜಿನ ತಟ್ಟೆ ತಿರುಗಿಸಿ, ಹುಟ್ಟುಹಬ್ಬಕ್ಕೆಂದು ಮಾಡಿದ್ದ ಪೀಚ್ ಹಣ್ಣಿನಾಕಾರದ ಬಿಸಿ ಕಡುಬು ಒಂದೊಂದು ಎತ್ತಿ ನಮ್ಮ ಬಟ್ಟಲಿಗಿಟ್ಟರು. ಒಳಗೆ ಕಾಳಿನ ಸಿಹಿ ಹೂರಣ. ಇವರು ತಮ್ಮದನ್ನು ಅರ್ಧ ತಿಂದು, ಮಿಕ್ಕಿದ್ದನ್ನು ನನ್ನ ಬಟ್ಟಲಿಗೆ ಹಾಕಿದರು. ನಾನು ತಿಂದೆ. ಮದುವೆಯ ದಿನ ಪುರೋಹಿತರು ಬಲವಂತದಿಂದ ತಿನ್ನಿಸಿದ್ದು ಬಿಟ್ಟರೆ, ಇವರ ಎಂಜಲು ನಾನು ತಿಂದದ್ದು ಅದೇ ಮೊದಲು.

ಮೂಗು ಬಂದದ್ದು ಮುಂದಿನ ಫೆಬ್ರವರಿಯಲ್ಲಿ, ಇದೇ ಕಾನ್ವಾಯ್ ಸ್ಟ್ರೀಟಿನಲ್ಲಿ. ಲಿ-ಹುವಾ ಜೊತೆಗಿದ್ದಳು. ಪೊಟ್ಟಣ ಬಿಚ್ಚಿದೆವು. ಇವರು ತೋಫುವಿನ ತುಂಡನ್ನು ಮುಖದ ಹತ್ತಿರ ತಂದವರು ತಟ್ಟನೆ ನಿಂತರು. ಹುಬ್ಬು ಗಂಟಿಕ್ಕಿತು. “ಥೂ!” ಎಂದು ಕಡ್ಡಿಗಳ ಸಮೇತ ತುಂಡನ್ನು ಎಸೆದು, ಕಾರಿನಾಚೆ ಓಡಿ, ಬಗ್ಗಿ ಓಕರಿಸಿದರು. ಲಿ-ಹುವಾ ಚಪ್ಪಾಳೆ ತಟ್ಟಿ ಕುಣಿದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಅಲ್ಲಿದ್ದವರೆಲ್ಲ, ಒಬ್ಬ ಮನುಷ್ಯ ವಾಂತಿ ಮಾಡಿಕೊಂಡರೆ ಈ ಇಬ್ಬರು ಹೆಂಗಸರು ಹಬ್ಬ ಮಾಡುತ್ತಿದ್ದಾರಲ್ಲ ಎಂದು ನೋಡಿದರು. ಆ ಗಳಿಗೆಯ ಸಂತೋಷ ಅಪ್ಪಟ ಸಂತೋಷ. ಅದರಲ್ಲಿ ಒಂದು ಹನಿಯೂ ಸುಳ್ಳಿಲ್ಲ.

ವಾಪಸು ಬರುವಾಗ ಡೆಲ್ ಮಾರ್ ಹತ್ತಿರ ಸಮುದ್ರ ಕಾಣುತ್ತದೆ. ಇವರು ಗಾಜು ಇಳಿಸಿದರು. ಉಪ್ಪುಗಾಳಿ ಒಳಗೆ ನುಗ್ಗಿತು. ನಾನು ರೂಢಿಯಂತೆ ಶುರು ಮಾಡಿದೆ. “ಪಾಚಿ ಇದೆ, ಅದರ ಜೊತೆ ಹಸಿ ಕಬ್ಬಿಣ, ನಮ್ಮ ಹಳೇ ಮನೆ ಬಾವಿ ರಾಟೆ...”

“ನಂಗೇ ಗೊತ್ತಾಗ್ತಿದೆ ಕಣೇ, ಬಿಡು,” ಎಂದರು. ಗದರಿದ್ದಲ್ಲ. ನಗುತ್ತಲೇ, ಉಸಿರನ್ನು ಎದೆ ತುಂಬ ಎಳೆದುಕೊಳ್ಳುತ್ತಾ ಹೇಳಿದರು. ಪಾಪ, ಒಂದು ವರ್ಷದ ಮೇಲೆ ಸಮುದ್ರ ಸಿಕ್ಕಿತ್ತು. ನಾನು ಸುಮ್ಮನಾದೆ.

ಅವತ್ತಿನಿಂದ ಸುಮ್ಮನೇ ಇದ್ದೇನೆ. ಇವರು ಮೊದಲಿನ ಹಾಗೆ ಬಾಗಿಲಲ್ಲಿ ನಿಂತು “ಬದನೆಕಾಯಿ ಹುಳಿ” ಎನ್ನತೊಡಗಿದರು, ನಾನು “ಹೌದು” ಎನ್ನತೊಡಗಿದೆ. ಆ ತೋಫುವಿನ ಹೆಸರೆತ್ತಿದರೆ ಇವರಿಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ಶನಿವಾರದ ತಿರುಗಾಟ ನಿಂತಿತು. ಅಜ್ಜಿ ತೀರಿಹೋದ ಮೇಲೆ ಲಿ-ಹುವಾ ಮನೆ ಮಾರಿ ಟೈನಾನಿಗೆ ಹೊರಟುಹೋದಳು. ಆಗಾಗ ಫೋಟೋ ಕಳಿಸುತ್ತಾಳೆ. ಫೋಟೋದಲ್ಲಿ ವಾಸನೆ ಬರುವುದಿಲ್ಲ. ಗಂಡನ ರೋಗ ವಾಸಿಯಾಯಿತೆಂದು ಕೊರಗುವ ಹೆಂಡತಿಯನ್ನು ಏನೆನ್ನಬೇಕೋ ತಿಳಿಯದು. ಔತಣದ ಆ ಮಾತುಗಳನ್ನು ಇವರು ಮರೆತರೋ, ಇಟ್ಟುಕೊಂಡಿದ್ದಾರೋ ಎಂದು ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ. ಕೇಳಲು ಧೈರ್ಯ ಬಂದಿಲ್ಲ. ಆ ವರ್ಷ ಇವರಿಗೆ ಬೇಕಾಗಿದ್ದದ್ದು ನನ್ನ ಮಾತೋ, ಬರೀ ನನ್ನ ಮೂಗೋ?

ಕಳೆದ ಶನಿವಾರ ಗಾಜು ಏರಿಸಿದ ಮೇಲೆ ಇವರು ಕಾರನ್ನು ಒಂದು ಜಾಗದಲ್ಲಿ ನಿಲ್ಲಿಸಿ, ನನ್ನ ಮುಖ ನೋಡಿದರು.

“ಯಾಕೆ, ಏನಾಯ್ತು?”

“ಶೀತ,” ಎಂದೆ. “ಮೂಗು ಕಟ್ಟಿದೆ.”

“ಬೆಳಿಗ್ಗೆ ಚೆನ್ನಾಗೇ ಇದ್ಯಲ್ಲ.”

“ಈಗ ಕಟ್ಟಿತು. ಏನೂ ವಾಸನೆ ಬರ್ತಿಲ್ಲ.” ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. “ಹೇಗಿದೆ, ಹೇಳ್ರೀ,” ಎಂದೆ.

ನನ್ನ ಮೂಗು ಕಟ್ಟಿಲ್ಲವೆಂದು ಇವರಿಗೆ ಗೊತ್ತಿತ್ತು. ಎಂಜಿನ್ನು ಆರಿಸಿದರು. ಆಮೇಲೆ ತಮ್ಮ ಕಡೆಯ ಬಟನ್ನು ಒತ್ತಿ ನಾಲ್ಕೂ ಗಾಜುಗಳನ್ನು ಪೂರ್ತಿ ಇಳಿಸಿದರು. ನಾತ ಕಾರಿನ ತುಂಬ ತುಂಬಿಕೊಂಡಿತು. ಇವರು ಓಕರಿಕೆ ತಡೆದುಕೊಂಡರು. ಕಣ್ಣಲ್ಲಿ ನೀರು ಬಂತು. ಸ್ಟೀರಿಂಗ್ ಮೇಲೆ ಕೈಯಿಟ್ಟು, ಎದುರಿನ ಗೋಡೆ ನೋಡುತ್ತಾ ಶುರು ಮಾಡಿದರು.

“ಮೊದ್ಲು, ಮಳೆಗಾಲದಲ್ಲಿ ಮೂರು ದಿನ ಒಣಗದ ಟರ್ಕಿ ಟವೆಲ್ಲು,” ಎಂದರು. “ಆಮೇಲೆ ದೋಸೆಹಿಟ್ಟು, ಮುಚ್ಚಳ ತೆಗೆದ ತಕ್ಷಣ. ಆಮೇಲೆ ಚಾಟ್ಸ್‌ವರ್ತ್ ಮನೆ ಕಾರ್ಪೆಟ್ಟು, ನಾಕು ದಿನಕ್ಕೆ. ಎಲ್ಲದರ ಹಿಂದೆ ಒಂಚೂರು ಇಂಗು.”

ಅಷ್ಟಕ್ಕೆ ನಿಂತರು. ನಾನು ಅವತ್ತು ನಿಲ್ಲಿಸಿದ್ದೂ ಅಲ್ಲಿಗೇ. ಆದರೆ ಇವರು ಇನ್ನೊಂದು ಸಲ ಉಸಿರೆಳೆದುಕೊಂಡರು.

“ಅದಕ್ಕಿಂತ ಹಿಂದೆ, ತುಂಬ ಹಿಂದೆ, ಅನ್ನ ಸೀದದ್ದು. ಅದು ನಿಂಗೆ ಬಂದಿರ್ಲಿಲ್ಲ.”

ನಿಧಿಯ ಫೋನು ಬರುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

“ಆಮೇಲೆ?” ಎಂದೆ.